ಕಣ್ಣಿನ ನರಕ್ಕೆ ದಾರಿ ತೋರುವ ಸಕ್ಕರೆ ಸರಪಳಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಕೇಳುಗರಿಗೆ ನಮಸ್ಕಾರ.

ನಮ್ಮ ಒಂದೊಂದು ಕಣ್ಣಿನಿಂದಲೂ ಸುಮಾರು 10 ಲಕ್ಷ ನರತಂತುಗಳು ಮಿದುಳಿಗೆ ಹೋಗುತ್ತವೆ. ಮಿದುಳಿನ ತಳದಲ್ಲಿ ಎರಡೂ ಕಣ್ಣಿನ ತಂತುಗಳು ಕೂಡುವ ಜಾಗದ ಹೆಸರು ಕಯಾಸ್ಮ. ಗದಗಿನಿಂದ ಬಂದ ರೈಲು ಹುಬ್ಬಳ್ಳಿ ಜಂಕ್ಷನ್ನಿನಲ್ಲಿ ಧಾರವಾಡದ ಹಳಿ ಹಿಡಿಯಬೇಕೋ ಹಾವೇರಿಯದೋ ಎಂಬುದು ತೀರ್ಮಾನವಾಗುವಂತೆ, ಇಲ್ಲಿ ಪ್ರತಿ ತಂತುವಿನ ದಿಕ್ಕು ನಿರ್ಧಾರವಾಗುತ್ತದೆ. ಮನುಷ್ಯರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ತಂತುಗಳು ಆಚೆ ಬದಿಗೆ ದಾಟುತ್ತವೆ.

ಭ್ರೂಣದಲ್ಲಿ ತಂತುವಿನ ಬೆಳೆಯುವ ತುದಿಯನ್ನು ಸ್ಲಿಟ್ ಎಂಬ ಪ್ರೋಟೀನು 'ಇತ್ತ ಬರಬೇಡ' ಎಂದು ದೂರ ತಳ್ಳುತ್ತದೆ. ತುದಿಯ ಮೇಲಿನ ರೋಬೋ ಎಂಬ ಗ್ರಾಹಕ ಪ್ರೋಟೀನು ಆ ಸೂಚನೆಯನ್ನು ಹಿಡಿಯುತ್ತದೆ. ಇವೆರಡನ್ನೂ ಗಟ್ಟಿಯಾಗಿ ಕೂಡಿಸಿ ಹಿಡಿಯುವುದು ಹೆಪರಾನ್ ಸಲ್ಫೇಟ್, ಅಂದರೆ ಜೀವಕೋಶದ ಹೊರಮೈಯ ಪ್ರೋಟೀನಿಗೆ ಜೋತುಬಿದ್ದ ಉದ್ದನೆಯ ಸಕ್ಕರೆ ಸರಪಳಿ. ಎರಡು ಬಗೆಯ ಸಕ್ಕರೆಗಳು ಜೋಡಿಜೋಡಿಯಾಗಿ ಹತ್ತಾರು ಸಲ ಪೋಣಿಸಿಕೊಂಡಿರುತ್ತವೆ. ಕಿಣ್ವಗಳು ಅಲ್ಲಲ್ಲಿ, ಒಂದೊಂದು ಸಕ್ಕರೆಯೊಳಗಿನ ಕೆಲವೇ ಸ್ಥಾನಗಳಿಗೆ, ಸಲ್ಫೇಟ್ ಎಂಬ ಗಂಧಕ-ಆಮ್ಲಜನಕದ ಪುಟ್ಟ ಗುಂಪನ್ನು ಅಂಟಿಸುತ್ತವೆ. ಸಕ್ಕರೆಯ ಇಂಗಾಲದ ಪರಮಾಣುಗಳನ್ನು ಎಣಿಸಿ ಈ ಸ್ಥಾನಗಳಿಗೆ ಸಂಖ್ಯೆ ಕೊಡುತ್ತಾರೆ. ಯಾವ ಸ್ಥಾನಕ್ಕೆ ಅಂಟಿತು ಎಂಬುದರಲ್ಲೇ ಎಲ್ಲವೂ ಇದೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಯಲ್ಲಿ ಕೊಡುವ ಹೆಪಾರಿನ್ ಇದರದೇ ಬಳಗ. ಅದರಲ್ಲೂ ಐದು ಸಕ್ಕರೆಗಳ ತುಣುಕಿನಲ್ಲಿ 3ನೇ ಸ್ಥಾನದ ಸಲ್ಫೇಟ್ ಇಲ್ಲದಿದ್ದರೆ, ಹೆಪ್ಪುಗಟ್ಟುವುದನ್ನು ತಡೆಯುವ ಆಂಟಿಥ್ರಾಂಬಿನ್ ಎಂಬ ರಕ್ತದ ಪ್ರೋಟೀನು ಅದಕ್ಕೆ ಬಿಗಿಯಾಗಿ ಅಂಟುವುದಿಲ್ಲ.

ಇಲಿಯ ಭ್ರೂಣಗಳ ಮೇಲೆ 2006ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿತು. 6ನೇ ಸ್ಥಾನಕ್ಕೆ ಸಲ್ಫೇಟ್ ಹಾಕುವ ಒಂದು ಕಿಣ್ವ ಇಲ್ಲದಿದ್ದಾಗ ಹಲವು ತಂತುಗಳು ಮಿದುಳಿಗೆ ಹೋಗದೆ ಎದುರಿನ ಕಣ್ಣಿನ ನರದೊಳಗೆ ನುಗ್ಗಿದವು. 2ನೇ ಸ್ಥಾನದ ಕಿಣ್ವ ಇಲ್ಲದಿದ್ದಾಗ ಕಯಾಸ್ಮದಲ್ಲೇ ಚೆಲ್ಲಾಪಿಲ್ಲಿಯಾದವು. ಸರಪಳಿ ಇದ್ದೂ ಒಂದು ಗುರುತು ತಪ್ಪಿದರೆ ದಾರಿಯೇ ತಪ್ಪುತ್ತದೆ, ಅದೂ ಬೇರೆ ಬೇರೆ ರೀತಿಯಲ್ಲಿ!

ಇಂಥ ತಪ್ಪನ್ನು ನೋಡಲು ಭ್ರೂಣದ ತಲೆಯನ್ನು ಪ್ಯಾರಾಫಾರ್ಮಾಲ್ಡಿಹೈಡ್ ದ್ರಾವಣದಲ್ಲಿ ಸ್ಥಿರಗೊಳಿಸಿ, ಒಂದೇ ಕಣ್ಣಿನ ನರದ ಬುಡದಲ್ಲಿ ಡೈ-ಐ ಎಂಬ ಹೊಳೆಯುವ ಬಣ್ಣದ ಸಣ್ಣ ಹರಳು ಇಡುತ್ತಾರೆ. ಬಣ್ಣ ತಂತುಗಳ ಪೊರೆಯುದ್ದಕ್ಕೂ ನಿಧಾನವಾಗಿ ಹರಡುತ್ತದೆ. ಅದಕ್ಕೆ ದಿನಗಳೇ ಬೇಕು. ಅವಸರ ಮಾಡಿದರೆ ತಂತು ಅರ್ಧದಲ್ಲೇ ನಿಂತಂತೆ ಕಾಣುತ್ತದೆ. ಹರಳಿನ ಚೂರು ಇನ್ನೊಂದು ಕಣ್ಣಿಗೆ ಬಿದ್ದರಂತೂ ಇಲ್ಲದ ತಪ್ಪುದಾರಿ ಹೊಳೆಯುತ್ತದೆ. ಹೀಗಾಗಿ ಎದುರು ಕಣ್ಣನ್ನು ಮೊದಲೇ ಪರೀಕ್ಷಿಸುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ.

ಬೆಳೆದವರಲ್ಲಿ ಕಡಿದ ದೃಷ್ಟಿನರ ತಾನಾಗಿ ಮತ್ತೆ ಬೆಳೆದು ಮಿದುಳು ಸೇರುವುದಿಲ್ಲ. ಗಾಯದ ಕಲೆಯಲ್ಲಿ ಶೇಖರವಾಗುವ ಕಾಂಡ್ರಾಯಿಟಿನ್ ಸಲ್ಫೇಟ್ ಎಂಬ ಇನ್ನೊಂದು ಸಕ್ಕರೆ ಸರಪಳಿಯೂ ಅಡ್ಡಗಾಲು ಹಾಕುತ್ತದೆ. ಅದನ್ನು ಕತ್ತರಿಸುವ ಕಾಂಡ್ರಾಯಿಟಿನೇಸ್ ಕಿಣ್ವವನ್ನು ಪ್ರಾಣಿಗಳ ನರಗಾಯಗಳಲ್ಲಿ ಪ್ರಯೋಗಿಸಿದ್ದಾರೆ. ಆದರೆ ಮೈಯ ಬಿಸಿಗೆ ಆ ಕಿಣ್ವ ಕೆಲವೇ ದಿನಗಳಲ್ಲಿ ಕಸುವು ಕಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಕೊಡಬೇಕು, ಇಲ್ಲವೇ ಬಿಸಿ ತಾಳುವಂತೆ ಅದನ್ನು ಮಾರ್ಪಡಿಸಬೇಕು.