ಕೂರಲು ಕೊಂಬೆಯಿಲ್ಲದ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಡಲ ಮೇಲೆ ಹಾರುವ ಬಾತುಕೋಳಿಗೆ ದಣಿವಾದರೆ ನೀರಿನ ಮೇಲೆಯೇ ಕುಳಿತು ಸುಧಾರಿಸಿಕೊಳ್ಳಬಹುದು. ಹಾಡುಹಕ್ಕಿಗಳಿಗೆ ಆ ಸೌಕರ್ಯವಿಲ್ಲ. ಅವುಗಳ ಕಾಲಿರುವುದು ಕೊಂಬೆ ಹಿಡಿಯಲಿಕ್ಕೆ. ಕಡಲಿಗೆ ಬಿದ್ದರೆ ಅಲ್ಲಿಗೆ ಮುಗಿಯಿತು. ಹೀಗಿದ್ದೂ ಉತ್ತರ ಅಮೆರಿಕದ ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಎಂಬ ಹಕ್ಕಿ ಚಳಿಗಾಲಕ್ಕೆ ಮುನ್ನ ಅಟ್ಲಾಂಟಿಕ್ ಸಾಗರದ ಮೇಲೆ ಎರಡು ಮೂರು ದಿನ ಎಡೆಬಿಡದೆ ಹಾರಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟುತ್ತದೆ. ಅದರ ತೂಕ ಸುಮಾರು 12 ಗ್ರಾಂ, ಅಂದರೆ ಮೂರು ಚಹಾ ಚಮಚ ಸಕ್ಕರೆಯಷ್ಟು.

ಇದನ್ನು ಬಹುಕಾಲ ಕೆಲವರು ನಂಬಲಿಲ್ಲ. ಅಮೆರಿಕದ ವರ್ಮಾಂಟ್ ಮತ್ತು ಕೆನಡಾದ ನೋವಾ ಸ್ಕೋಷಿಯಾದಲ್ಲಿ ವಿಜ್ಞಾನಿಗಳು ಈ ಹಕ್ಕಿಗಳ ಬೆನ್ನಿಗೆ ಅರ್ಧ ಗ್ರಾಂ ತೂಕದ ಉಪಕರಣ ಕಟ್ಟಿದರು. ಅದು ದಾಖಲಿಸುವುದು ಬೆಳಕನ್ನು ಮಾತ್ರ. ಸೂರ್ಯ ಹುಟ್ಟಿದ, ಮುಳುಗಿದ ಹೊತ್ತಿನಿಂದ ಹಕ್ಕಿ ಎಲ್ಲಿತ್ತೆಂದು ಲೆಕ್ಕ ಹಾಕಬೇಕು; ಅದಕ್ಕೆ ಮರುವರ್ಷ ಅದೇ ಹಕ್ಕಿಯನ್ನು ಮತ್ತೆ ಹಿಡಿಯಬೇಕು. ಹಾಗೆ ಮರಳಿ ಸಿಕ್ಕ 5 ಹಕ್ಕಿಗಳ ಲೆಕ್ಕ 2015ರಲ್ಲಿ ಪ್ರಕಟವಾಯಿತು. ಅವು ಒಂದೇ ಉಸಿರಿಗೆ 2,270ರಿಂದ 2,770 ಕಿಲೋಮೀಟರ್ ಹಾರಿದ್ದವು.

ನನ್ನನ್ನು ಕೇಳಿದರೆ, ಕಡಲು ದಾಟುವ ಕೆಲಸದ ಬಹುಪಾಲು ನಡೆಯುವುದು ದಡದಲ್ಲಿಯೇ. ಹೊರಡುವ ಮುನ್ನ ಹಕ್ಕಿ ಹಗಲೆಲ್ಲ ತಿನ್ನುತ್ತದೆ. ಕೆಲವು ತಮ್ಮ ತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಗುರುತಿಗಾಗಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನಕಾರರು ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿ, ಎದೆಯ ಗರಿಗಳನ್ನು ಬಾಯಿಂದ ಉಫ್ ಎಂದು ಊದಿ ಸರಿಸುತ್ತಾರೆ. ತೆಳುವಾದ ಚರ್ಮದ ಕೆಳಗೆ, ಕೊರಳ ಬುಡದ ಗುಳಿಯಲ್ಲಿ, ಹಳದಿ ಕೊಬ್ಬು ತುಂಬಿಕೊಂಡಿರುವುದು ಕಣ್ಣಿಗೆ ಕಾಣುತ್ತದೆ. ಗುಳಿ ತುಂಬಿ ಉಬ್ಬಿದ್ದರೆ ಪಯಣಕ್ಕೆ ಸಿದ್ಧವೆಂದು ತಿಳಿಯಬಹುದು. ಗ್ರಾಂ ಲೆಕ್ಕದಲ್ಲಿ ಕೊಬ್ಬು ಪಿಷ್ಟಕ್ಕಿಂತ ಇಮ್ಮಡಿಗೂ ಮಿಗಿಲಾದ ಶಕ್ತಿ ಕೊಡುತ್ತದೆ. ಜತೆಗೆ, ಒಂದು ಗ್ರಾಂ ಕೊಬ್ಬು ಉರಿದಾಗ ಸುಮಾರು ಒಂದು ಗ್ರಾಂ ನೀರು ಹುಟ್ಟುತ್ತದೆ. ಕುಡಿಯಲು ಹನಿಯೂ ಸಿಗದ ಉಪ್ಪುನೀರಿನ ಮೇಲೆ ಅದೇ ಆಸರೆ.

ಇನ್ನು ಗಾಳಿ. ಹಕ್ಕಿ ದಡದಲ್ಲಿ ಕಾಯುತ್ತದೆ. ಶೀತ ಮಾರುತ ಹಾದುಹೋಗಿ, ವಾಯವ್ಯದಿಂದ ಗಾಳಿ ಬೆನ್ನಿಗೆ ಬೀಸತೊಡಗಿದಾಗ, ಸಂಜೆಗತ್ತಲಲ್ಲಿ ಹೊರಡುತ್ತದೆ.

ಮೆಕ್ಸಿಕೋ ಕೊಲ್ಲಿಯ ವಿಷಯದಲ್ಲಂತೂ ದೊಡ್ಡ ಜಗಳವೇ ನಡೆಯಿತು. ವಸಂತದಲ್ಲಿ ಉತ್ತರಕ್ಕೆ ಮರಳುವ ಹಕ್ಕಿಗಳು ಕೊಲ್ಲಿಯನ್ನು ದಾಟುವುದಿಲ್ಲ, ದಡದಗುಂಟ ಸುತ್ತಿ ಬರುತ್ತವೆ ಎಂದು 1945ರಲ್ಲಿ ಜಾರ್ಜ್ ವಿಲಿಯಮ್ಸ್ ವಾದಿಸಿದರು. ಹವೆ ಚೆನ್ನಾಗಿದ್ದ ದಿನ ಅಮೆರಿಕದ ದಡದಲ್ಲಿ ಹಕ್ಕಿಗಳೇ ಕಾಣುವುದಿಲ್ಲವಲ್ಲ ಎಂಬುದು ಅವರ ಪ್ರಶ್ನೆ. ಲೂಯಿಸಿಯಾನದ ಪಕ್ಷಿವಿಜ್ಞಾನಿ ಜಾರ್ಜ್ ಲೋವರಿ ಇದನ್ನು ಒಪ್ಪಲಿಲ್ಲ. 1948ರಲ್ಲಿ ಅವರು ಕೊಲ್ಲಿಯ ದಕ್ಷಿಣ ದಡದಲ್ಲಿರುವ, ಮೆಕ್ಸಿಕೋದ ಯುಕಟಾನಿನ ಪ್ರೊಗ್ರೆಸೊ ಬಂದರಿನಲ್ಲಿ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿ, ಬೆಳಗುವ ಬಿಂಬದ ಮುಂದೆ ಹಾದುಹೋದ ಪುಟ್ಟ ಕರಿನೆರಳುಗಳನ್ನು ಎಣಿಸಿದರು. ಇಂಥ ಸರಳ ಉಪಾಯಗಳ ಮೇಲೆ ನನಗೆ ವಿಶೇಷ ಮೋಹ. 1960ರ ದಶಕದಲ್ಲಿ ಪಕ್ಷಿವಿಜ್ಞಾನಿ ಸಿಡ್ನಿ ಗಾತ್ರೋ ಹವಾಮಾನ ರೇಡಾರಿನ ಪರದೆಯಲ್ಲಿ, ಹಗಲಿನಲ್ಲಿ ಕಡಲ ಕಡೆಯಿಂದ ಬರುತ್ತಿದ್ದ ಹಕ್ಕಿಗಳ ಅಲೆಗಳನ್ನೇ ಕಂಡರು. ಹವೆ ಅನುಕೂಲವಾಗಿದ್ದರೆ ಅವು ದಡದಲ್ಲಿ ನಿಲ್ಲದೆ ಒಳನಾಡಿನ ಕಾಡುಗಳಿಗೆ ಸಾಗುತ್ತವೆ. ವಿಲಿಯಮ್ಸ್ ಅವರ ಪ್ರಶ್ನೆಗೂ ಉತ್ತರ ಅದೇ.

ಉತ್ತರದಿಂದ ಎದುರುಗಾಳಿ, ಮಳೆ ಬಂದರೆ ಮಾತು ಬೇರೆ. ಆಗ ಕಂಡ ಮೊದಲ ಮರಕ್ಕೇ ಹಕ್ಕಿಗಳು ಬಂದು ಬೀಳುತ್ತವೆ. ಟೆಕ್ಸಾಸಿನ ಹೈ ಐಲೆಂಡಿನ ಓಕ್ ತೋಪುಗಳಲ್ಲಿ ಅಂಥ ದಿನ ಕೊಂಬೆ ಕೊಂಬೆಗೂ ಕೆಂಪು, ಕಿತ್ತಳೆ, ನೀಲಿ. ಮನುಷ್ಯರ ಕಾಲ ಬಳಿಯೇ ಹುಳು ಹೆಕ್ಕುವಷ್ಟು ಬಳಲಿಕೆ. ಹಕ್ಕಿ ವೀಕ್ಷಕರು ಅದನ್ನು ಹಬ್ಬವೆನ್ನುತ್ತಾರೆ. ದಡ ಮುಟ್ಟದೆ ಹೋದವುಗಳನ್ನು ನೆನೆದರೆ ನನಗೆ ಆ ಮಾತು ನಾಲಿಗೆಗೆ ಬರುವುದಿಲ್ಲ. ಬದುಕಿ ಬಂದವು ಅಲ್ಲಿ ತಿಂದು, ಕೊಬ್ಬು ಕೂಡಿಸಿಕೊಂಡು ಮತ್ತೆ ಉತ್ತರಕ್ಕೆ ಹೊರಡುತ್ತವೆ. ಆ ತೋಪುಗಳನ್ನು ಹ್ಯೂಸ್ಟನ್ ಆಡುಬಾನ್ ಸಂಸ್ಥೆ ಹಕ್ಕಿಧಾಮಗಳಾಗಿ ಕಾಪಾಡಿಕೊಂಡು ಬಂದಿದೆ.

ನಮಸ್ಕಾರ.