ಎರಡನೆಯ ದಿನದ ಸುದ್ದಿ

ಅಧ್ಯಕ್ಷರೇ, ಮಹಿಳಾ ವಿಭಾಗದ ಗೆಳತಿಯರೇ, ಹಿರಿಯರೇ, ಬಾಗಿಲಿಗೆ ಹತ್ತಿರದ ಕುರ್ಚಿಗಳನ್ನು ಮೊದಲೇ ಹಿಡಿದು ಕುಳಿತಿರುವ ಡೊಂಬಿವಲಿಯವರೇ, ನಿಮ್ಮ ಗಾಡಿ ತಪ್ಪಿಸುವುದಿಲ್ಲ, ಹೆದರಬೇಡಿ.

ಆಹ್ವಾನ ಪತ್ರಿಕೆಯಲ್ಲಿ ‘ಮಾಧ್ಯಮ ಮತ್ತು ಮಹಿಳೆ’ ಎಂದು ಅಚ್ಚಾಗಿದೆ. ಮಾರ್ಚ್ ಬಂತೆಂದರೆ ನಮ್ಮ ಮುಂಬಯಿಯಲ್ಲಿ ಮಾಟುಂಗಾದಿಂದ ಮುಲುಂಡಿನವರೆಗೆ ಎಲ್ಲ ಕನ್ನಡ ಸಂಘಗಳಲ್ಲೂ ಇದೇ ವಿಷಯ. ಏಪ್ರಿಲ್‌ನಲ್ಲಿ ಮಾಧ್ಯಮವೂ ಇರುತ್ತದೆ, ಮಹಿಳೆಯೂ ಇರುತ್ತಾಳೆ, ಉಪನ್ಯಾಸ ಮಾತ್ರ ಇರುವುದಿಲ್ಲ. ಅದಕ್ಕೇ ವಿಷಯವನ್ನು ಸ್ವಲ್ಪ ಕಿರಿದು ಮಾಡಿಕೊಂಡು ಬಂದಿದ್ದೇನೆ. ಯಾರ ಸುದ್ದಿಗೆ ಎರಡನೆಯ ದಿನವಿದೆ, ಯಾರ ಸುದ್ದಿ ಒಂದೇ ದಿನಕ್ಕೆ ಸಾಯುತ್ತದೆ ಎಂಬುದಷ್ಟೇ ನನ್ನ ಮಾತು.

2025ರ ಜನವರಿ 16ರ ನಸುಕು ನಿಮಗೆಲ್ಲ ನೆನಪಿದೆ. ಬಾಂದ್ರಾದಲ್ಲಿ ಸೈಫ್ ಅಲಿ ಖಾನ್ ಅವರ ಮನೆಗೆ ಒಬ್ಬ ನುಗ್ಗಿದ, ಇರಿದ. ನಟನನ್ನು ಆಟೋದಲ್ಲಿ ಲೀಲಾವತಿ ಆಸ್ಪತ್ರೆಗೆ ಕರೆದೊಯ್ದರು. ಬೆನ್ನಿನಲ್ಲಿ ಸಿಕ್ಕಿಕೊಂಡಿದ್ದ ಚಾಕುವಿನ ತುಂಡು ಎಷ್ಟು ಉದ್ದವಿತ್ತು ಎಂದು ಕೇಳಿದರೆ ಈ ಸಭಾಂಗಣದಲ್ಲಿ ಅರ್ಧ ಜನ ಕೈ ಎತ್ತುತ್ತೀರಿ. ಆಟೋ ಚಾಲಕನನ್ನೂ ಗುರುತಿಸುತ್ತೀರಿ. ಪಾಪ, ಒಳ್ಳೆಯ ಮನುಷ್ಯ, ಅವರಿಗೆ ಸಂದ ಗೌರವ ಸಲ್ಲತಕ್ಕದ್ದೇ. ಈಗ ಹೇಳಿ, ಆ ಮನೆಯಲ್ಲಿ ಕಳ್ಳನನ್ನು ಮೊದಲು ಎದುರಿಸಿದವರು ಯಾರು? ಕಿರಿಯ ಮಗುವಿನ ಕೋಣೆಯಲ್ಲಿದ್ದ, ಐವತ್ತು ದಾಟಿದ ದಾದಿ. ಬಾಯಿಯ ಮೇಲೆ ಬೆರಳಿಟ್ಟು ಸದ್ದು ಮಾಡಬೇಡ ಎಂದವನ ಎದುರಿನಿಂದ ಮಗುವನ್ನು ಎತ್ತಿಕೊಳ್ಳಲು ಓಡಿದವರು. ಆಕೆಯ ಕೈಗೆ ಗಾಯವಾಯಿತು. ಪೊಲೀಸರ ಎಫ್‌ಐಆರ್ ನಿಂತಿರುವುದೇ ಆಕೆಯ ಹೇಳಿಕೆಯ ಮೇಲೆ. ಆ ಕೈ ವಾಸಿಯಾಯಿತೇ? ಎಷ್ಟು ದಿನಕ್ಕೆ ಕೆಲಸಕ್ಕೆ ಮರಳಿದರು? ಈಗ ಯಾರೂ ಕೈ ಎತ್ತುತ್ತಿಲ್ಲ. ಎತ್ತದಿರುವುದು ನಿಮ್ಮ ತಪ್ಪಲ್ಲ. ನಿಮಗೆ ಯಾರೂ ಹೇಳಲಿಲ್ಲ.

ತಾರೆಯರ ಸುದ್ದಿಯನ್ನು ಬಯ್ಯಲು ನಾನು ಬಂದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನೂ ಓದುತ್ತೇನೆ, ಚಟಕ್ಕೆ ಬಿದ್ದವರಂತೆ ಓದುತ್ತೇನೆ. ಯಾರ ಮದುವೆ, ಯಾರ ವಿಚ್ಛೇದನ, ಯಾರ ಸೀರೆ, ಎಲ್ಲ ಗೊತ್ತು. ಪತ್ರಕರ್ತರಿಗೆ ಬೆನ್ನು ಹತ್ತುವುದು ಬರುತ್ತದೆ ಎಂಬುದಕ್ಕೆ ಆ ಸುದ್ದಿಗಳೇ ಪುರಾವೆ. ಕಾವಲುಗಾರನನ್ನು ಕೇಳುತ್ತಾರೆ, ನೆರೆಯವರನ್ನು ಕೇಳುತ್ತಾರೆ, ಮರುದಿನವೂ ಹೋಗುತ್ತಾರೆ, ಅದರ ಮರುದಿನವೂ ಹೋಗುತ್ತಾರೆ. ವಿದ್ಯೆಗೆ ಕೊರತೆಯಿಲ್ಲ. ಅದನ್ನು ಯಾರ ಮನೆಯ ಮುಂದೆ ಖರ್ಚು ಮಾಡುತ್ತಾರೆ ಎಂಬುದು ನನ್ನ ತಕರಾರು.

ಇಲ್ಲಿ ನನ್ನ ಹಳೆಯ ಕಥೆಯೊಂದನ್ನು ಹೇಳಲೇಬೇಕು. ಮುಂದಿನ ಸಾಲಿನ ಇಬ್ಬರು ಈಗಾಗಲೇ ನಗುತ್ತಿದ್ದಾರೆ, ಅವರು ಕೇಳಿದ್ದಾರೆ. ಇನ್ನೊಮ್ಮೆ ಕೇಳಲಿ.

ಎಂಬತ್ತರ ದಶಕದಲ್ಲಿ ಈ ನಗರದ ಒಂದು ಸಣ್ಣ ಕನ್ನಡ ಪತ್ರಿಕೆಯಲ್ಲಿ ನಾನು ಉಪಸಂಪಾದಕಿ. ಹೆಸರು ಬೇಡ, ಪತ್ರಿಕೆಯೂ ಈಗಿಲ್ಲ. ಆಗಿನ್ನೂ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಮಾಡುವ ಕಾಲ. ಪುಟದ ಮೂಲೆಯಲ್ಲಿ ಎರಡು ಅಂಗುಲ ಖಾಲಿ ಬಿದ್ದರೆ ತುಂಬಲು ಕೆಲವು ಸುದ್ದಿಗಳನ್ನು ಮೊದಲೇ ಜೋಡಿಸಿ ಇಟ್ಟಿರುತ್ತಿದ್ದರು. ಹವಾಮಾನದ್ದು ಒಂದು, ಅಡಿಕೆ ಧಾರಣೆಯದ್ದು ಒಂದು. ಇನ್ನೊಂದು ಸ್ಟವ್ ಸುದ್ದಿ. ‘ಅಡುಗೆ ಮಾಡುವಾಗ ಸ್ಟವ್ ಸಿಡಿದು ಇಂಥವರು ಎಂಬ ಗೃಹಿಣಿ ತೀವ್ರ ಸುಟ್ಟ ಗಾಯಗಳಿಂದ ಮೃತಪಟ್ಟರು. ಪೊಲೀಸರು ಆಕಸ್ಮಿಕ ಸಾವು ಎಂದು ದಾಖಲಿಸಿಕೊಂಡಿದ್ದಾರೆ.’ ಹೆಸರು, ವಯಸ್ಸು, ಬಡಾವಣೆ, ಈ ಮೂರಕ್ಕೆ ಜಾಗ ಬಿಟ್ಟು ಉಳಿದದ್ದೆಲ್ಲ ಗ್ಯಾಲಿಯಲ್ಲಿ, ಅಂದರೆ ಮೊಳೆ ಜೋಡಿಸಿಡುವ ತಟ್ಟೆಯಲ್ಲಿ, ಸಿದ್ಧ. ಸತ್ತವಳ ಹೆಸರಿನ ಮೊಳೆ ಹಾಕಿದರೆ ಆಯಿತು. ಯೋಚಿಸಿ ನೋಡಿ, ಸಾಯುವ ಮೊದಲೇ ಸುದ್ದಿ ಸಿದ್ಧವಾಗಿತ್ತು!

ನಮ್ಮಲ್ಲಿ ಪ್ರೂಫ್ ನೋಡುತ್ತಿದ್ದವರು ಕುಂದಾಪುರದ ಕಡೆಯ ಒಬ್ಬ ಅಕ್ಕ. ಏಳನೆಯ ತರಗತಿ ಓದಿದವರು, ಆದರೆ ಒಂದು ಕೊಂಬು, ಒಂದು ದೀರ್ಘ ತಪ್ಪಿಹೋಗಲು ಬಿಡುತ್ತಿರಲಿಲ್ಲ. ಒಂದು ರಾತ್ರಿ ಹಿಂದಿ ನಟನೊಬ್ಬನ ಮದುವೆಯ ವರದಿ ಬಂತು. ಮುಕ್ಕಾಲು ಪುಟ. ಮದುಮಗಳ ಸೀರೆಯ ಅಂಚು, ಬಂದ ಕಾರುಗಳು, ಯಾವ ಸಿಹಿ ಯಾವ ಊರಿನಿಂದ ತರಿಸಿದ್ದು, ಎಲ್ಲ ಇತ್ತು. ವರದಿ ಮುಗಿದ ಕೆಳಗೆ ಎರಡು ಅಂಗುಲ ಉಳಿಯಿತು. ಭಟ್ಟರು, ನಮ್ಮ ಸುದ್ದಿ ಸಂಪಾದಕರು, ‘ಆ ಸ್ಟವ್ ಹಾಕಿ’ ಎಂದರು. ಅಕ್ಕ ಎರಡೂ ಪ್ರೂಫ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದರು. ‘ಅಲ್ಲ ಮಾರಾಯರೇ, ಅಲ್ಲಿ ಬಡಿಸಿದವರ ಊರೂ ಇದೆ. ಇಲ್ಲಿ ಮನೆಯಲ್ಲಿ ಯಾರಿದ್ದರು ಅಂತಲೂ ಇಲ್ಲ’ ಎಂದರು. ಭಟ್ಟರು ಗಡಿಯಾರ ತೋರಿಸಿದರು. ಅಕ್ಕ ಮತ್ತೆ ಮಾತಾಡಲಿಲ್ಲ. ಪ್ರೂಫಿನ ಅಂಚಿನಲ್ಲಿ, ತಮಗೆ ತಾವೇ ಎಂಬಂತೆ, ಕೆಂಪು ಶಾಯಿಯಲ್ಲಿ ಎರಡು ಪದ ಬರೆದರು: ‘ಗಂಡ ಎಲ್ಲಿದ್ದ?’

ಮೊಳೆ ಜೋಡಿಸುವ ಹುಡುಗ ಅದನ್ನು ತಿದ್ದುಪಡಿ ಎಂದುಕೊಂಡ. ನಿಷ್ಠೆಯಿಂದ ಜೋಡಿಸಿದ. ಬೆಳಿಗ್ಗೆ ಪತ್ರಿಕೆ ಹೊರಬಂತು: ‘ಪೊಲೀಸರು ಆಕಸ್ಮಿಕ ಸಾವು ಎಂದು ದಾಖಲಿಸಿಕೊಂಡಿದ್ದಾರೆ. ಗಂಡ ಎಲ್ಲಿದ್ದ?’

ಮಾಲೀಕರು ಕೂಗಾಡಿದರು. ಭಟ್ಟರು ವಿಷಾದ ಪ್ರಕಟಣೆ ಬರೆಯಲು ಕುಳಿತರು. ಅದು ಅಚ್ಚಿಗೆ ಹೋಗುವ ಮೊದಲೇ, ಸಂಜೆ, ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಆ ಪುಟ, ನಾಲ್ಕಾಗಿ ಮಡಚಿದ್ದು. ಅದೇ ಚಾಳಿನ, ಅಂದರೆ ವಠಾರದ, ನೆರೆಯವರು. ‘ನೀವು ಕೇಳಿದ್ದೀರಲ್ಲ, ಹೇಳಲು ಬಂದೆ. ಅವನು ಹೊರಗಿದ್ದ. ಚಿಲಕವೂ ಹೊರಗಿನಿಂದಲೇ ಹಾಕಿತ್ತು’ ಎಂದರು. ಯಾರಾದರೂ ಕೇಳಲಿ ಎಂದು ಆಕೆ ಕಾದಿದ್ದರು. ಪೊಲೀಸರು ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ; ಕೇಳಿದ್ದು ಒಂದು ಅಚ್ಚಿನ ದೋಷ. ಮರುದಿನ ಸ್ಟವ್ ಸುದ್ದಿಗೆ ನಮ್ಮ ಪತ್ರಿಕೆಯಲ್ಲಿ ಮೊದಲ ಬಾರಿಗೆ ಎರಡನೆಯ ದಿನ ಬಂತು. ಪ್ರಕರಣ ನ್ಯಾಯಾಲಯದವರೆಗೆ ಹೋಯಿತು, ಅವನು ಬಿಡುಗಡೆಯಾದ. ಸಿನಿಮಾದಲ್ಲಿ ಆಗುವ ಹಾಗೆ ಆಗಲಿಲ್ಲ. ಆದರೆ ಭಟ್ಟರು ಆ ಗ್ಯಾಲಿಯನ್ನು ಬಿಚ್ಚಿಸಿ ಮೊಳೆಗಳನ್ನು ಪೆಟ್ಟಿಗೆಗೆ ಹಾಕಿಸಿದರು. ಆಮೇಲೆ ಪ್ರತಿ ಸ್ಟವ್ ಸುದ್ದಿಯನ್ನೂ ಹೊಸದಾಗಿ ಬರೆಯಬೇಕಾಯಿತು. ಬರೆಯಬೇಕಾದರೆ ಫೋನ್ ಮಾಡಬೇಕು, ಫೋನ್ ಮಾಡಿದರೆ ಕೇಳಬೇಕು.

1983ರಲ್ಲಿ ದಂಡ ಸಂಹಿತೆಗೆ ಹೆಂಡತಿಗೆ ಕೊಡುವ ಹಿಂಸೆಯನ್ನು ಅಪರಾಧವಾಗಿಸುವ 498ಎ ಸೇರಿತು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂತು. ಇವು ತಾವಾಗಿ ಬರಲಿಲ್ಲ. ‘ಗಂಡ ಎಲ್ಲಿದ್ದ’ ಎಂದು ಬೀದಿಯಲ್ಲಿ ನಿಂತು ಕೇಳಿದ ಹೆಂಗಸರು ಈ ನಗರದಲ್ಲೂ ದೆಹಲಿಯಲ್ಲೂ ಇದ್ದರು.

ಹಾಗಾದರೆ ಬೆನ್ನು ಹತ್ತಿದರೆ ಸಾಕೇ? ಇಲ್ಲ. ಬೆನ್ನು ಹತ್ತುವುದರಲ್ಲೂ ಎರಡು ಬಗೆಯಿದೆ. 2020ರ ಸೆಪ್ಟೆಂಬರ್ ನೋಡಿ. ಜೂನ್ 14ರಂದು ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡಿದ್ದರು. ಸೆಪ್ಟೆಂಬರ್ 8ರಂದು ಮಾದಕವಸ್ತು ಪ್ರಕರಣದಲ್ಲಿ ಅವರ ಗೆಳತಿ, ನಟಿ ರಿಯಾ ಚಕ್ರವರ್ತಿಯವರ ಬಂಧನ, ನಂತರ ಬೈಕುಲ್ಲಾ ಜೈಲು. ಇಡೀ ದೇಶದ ಕ್ಯಾಮರಾಗಳು ಒಬ್ಬ ಹೆಣ್ಣಿನ ಮೈಮೇಲೆ ಬಿದ್ದವು. ಆಕೆ ತೊಟ್ಟ ಟೀ ಶರ್ಟಿನ ಬರಹವೂ ಚರ್ಚೆಯಾಯಿತು. ಮಾಟಗಾತಿ ಎಂದರು, ಹಣಕ್ಕಾಗಿ ಬಂದವಳು ಎಂದರು. ಸೆಪ್ಟೆಂಬರ್ 14ರಂದು ಉತ್ತರ ಪ್ರದೇಶದ ಹಾಥರಸ್‌ನಲ್ಲಿ ಹತ್ತೊಂಬತ್ತರ ದಲಿತ ಯುವತಿಯ ಮೇಲೆ ಹಲ್ಲೆಯಾಯಿತು. ಆಕೆ ಅಲೀಗಢದ ಆಸ್ಪತ್ರೆಯಲ್ಲಿ ಮಲಗಿದ್ದ ಆ ಎರಡು ವಾರ ನಮ್ಮ ಚಾನೆಲ್‌ಗಳು ಎಲ್ಲಿದ್ದವು? ಸೆಪ್ಟೆಂಬರ್ 26ರಂದು ಅದೇ ಮಾದಕವಸ್ತು ತನಿಖೆಯಲ್ಲಿ ನಟಿ ದೀಪಿಕಾ ಪಡುಕೋಣೆಯವರನ್ನು ವಿಚಾರಣೆಗೆ ಕರೆದಿದ್ದರು. ಇದೇ ಮುಂಬಯಿಯ ರಸ್ತೆಯಲ್ಲಿ ವರದಿಗಾರರು ಕಾರುಗಳ ಬೆನ್ನು ಹತ್ತಿ ಓಡುತ್ತಿದ್ದರು, ಪೊಲೀಸರೇ ಎಚ್ಚರಿಕೆ ಕೊಡಬೇಕಾಯಿತು. 29ರಂದು ಆ ಹುಡುಗಿ ದೆಹಲಿಯಲ್ಲಿ ಸತ್ತಳು. ಅದೇ ರಾತ್ರಿ ಕತ್ತಲಲ್ಲಿ ಪೊಲೀಸರು ಆಕೆಯ ಶವ ಸುಟ್ಟ ಮೇಲೆ ಚಾನೆಲ್‌ಗಳು ಆ ಹಳ್ಳಿಯ ದಾರಿ ಹಿಡಿದವು. ಬದುಕಿದ್ದಾಗ ಆಕೆ ಸುದ್ದಿಯಲ್ಲ, ಚಿತೆ ಸುದ್ದಿ.

ಸ್ತ್ರೀವಾದಿಗಳು ಎಂದರೆ ‘ನಟಿಯರ ಸುದ್ದಿ ಬೇಡ, ಬಡವರ ಸುದ್ದಿ ಕೊಡಿ’ ಎನ್ನುವವರು ಎಂದು ಕೆಲವರು ತಿಳಿದಿದ್ದಾರೆ. ನನ್ನ ಲೆಕ್ಕ ಬೇರೆ. ಆ ಸೆಪ್ಟೆಂಬರಿನಲ್ಲಿ ಇಬ್ಬರಿಗೂ ಅನ್ಯಾಯವಾಯಿತು. ಒಬ್ಬಳನ್ನು ಬೇಟೆಯಾಡಿದರು, ಇನ್ನೊಬ್ಬಳನ್ನು ನೋಡಲೇ ಇಲ್ಲ. ರಿಯಾ ಅವರಿಗೆ ಅಕ್ಟೋಬರ್ 7ರಂದು ಬಾಂಬೆ ಹೈಕೋರ್ಟ್ ಜಾಮೀನು ಕೊಡುವಾಗ ಹೇಳಿದ್ದೂ ಅದನ್ನೇ: ಪ್ರಸಿದ್ಧರಿಗೆ ಕಾನೂನಿನಲ್ಲಿ ವಿಶೇಷ ಸವಲತ್ತೂ ಇಲ್ಲ, ವಿಶೇಷ ಹೊಣೆಯೂ ಇಲ್ಲ. 2025ರ ಮಾರ್ಚ್‌ನಲ್ಲಿ ಸುಶಾಂತ್ ಸಾವಿನ ಪ್ರಕರಣದಲ್ಲಿ ಸಿಬಿಐ ಮುಕ್ತಾಯ ವರದಿ ಸಲ್ಲಿಸಿತು. ಅದಕ್ಕೆ ಸಿಕ್ಕ ಜಾಗ ಎಷ್ಟು, ಬಂಧನಕ್ಕೆ ಸಿಕ್ಕ ಜಾಗ ಎಷ್ಟು, ನೀವೇ ತೂಗಿ. ನೋಡಿದಿರಾ, ಕಳಂಕ ತೊಳೆಯುವ ದಿನ ಬಂದಾಗ ತಾರೆಗೂ ಎರಡನೆಯ ದಿನವಿಲ್ಲ.

ನಟಿ ಶ್ರೀದೇವಿ ಸತ್ತಾಗ ಚಾನೆಲ್‌ಗಳು ತೋರಿಸಿದ ಸ್ನಾನದ ತೊಟ್ಟಿಯ ನೆನಪು ಮಾಡಬೇಕೆಂದಿದ್ದೆ. ಊಟದ ಮೊದಲು ಬೇಡ.

ನಿಜವಾಗಿ ಬೆನ್ನು ಹತ್ತಬೇಕಾದ ಸುದ್ದಿ ಹೇಗಿರುತ್ತದೆ ಎನ್ನುವುದಕ್ಕೆ ಮಹಾರಾಷ್ಟ್ರದ ಬೀಡ್ ಜಿಲ್ಲೆಗೆ ಬನ್ನಿ. ಅಲ್ಲಿಂದ ದೀಪಾವಳಿಯ ಆಸುಪಾಸಿನಲ್ಲಿ ಗಂಡ ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಹೊರಡುತ್ತಾರೆ, ಪಶ್ಚಿಮ ಮಹಾರಾಷ್ಟ್ರಕ್ಕೆ, ನಮ್ಮ ಕರ್ನಾಟಕದ ಕಾರ್ಖಾನೆಗಳಿಗೂ. ಆ ಜೋಡಿಗೆ ಕೊಯ್ತಾ ಎಂದು ಹೆಸರು. ಕೊಯ್ತಾ ಎಂದರೆ ಕತ್ತಿ. ಮುಕಾದಮ್, ಅಂದರೆ ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರ, ಮುಂಗಡ ಕೊಡುತ್ತಾನೆ, ಅದನ್ನು ಉಚಲ್ ಎನ್ನುತ್ತಾರೆ. ಇಬ್ಬರಿಗೂ ಸೇರಿ ಒಂದೇ ಲೆಕ್ಕ, ಒಂದೇ ಕತ್ತಿ. ಒಬ್ಬರು ಒಂದು ದಿನ ತಪ್ಪಿಸಿದರೂ ಖಾಡಾ, ಅಂದರೆ ದಂಡ, 2019ರ ಸುಮಾರಿಗೆ ದಿನಕ್ಕೆ ಐನೂರು ರೂಪಾಯಿಯಂತೆ. ಮುಟ್ಟಿನ ದಿನ ಹೊಟ್ಟೆ ಹಿಡಿದುಕೊಂಡು ಕುಳಿತರೂ ದಂಡ. ಗದ್ದೆಯಲ್ಲಿ ಶೌಚಾಲಯವಿಲ್ಲ, ನೀರಿಲ್ಲ. ಸೋಂಕು ಎಂದು ಆಸ್ಪತ್ರೆಗೆ ಹೋದರೆ ಖಾಸಗಿ ವೈದ್ಯರು ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆಸಿಕೊಳ್ಳಿ ಎನ್ನುತ್ತಿದ್ದರು. ಇಪ್ಪತ್ತೈದು, ಮೂವತ್ತರ ಹೆಂಗಸರು. 2019ರಲ್ಲಿ ಒಂದು ಇಂಗ್ಲಿಷ್ ವಾಣಿಜ್ಯ ಪತ್ರಿಕೆ ಇದನ್ನು ಬರೆಯಿತು. ಗಮನಿಸಿ, ಮಹಿಳಾ ಪುರವಣಿಯಲ್ಲ, ವಾಣಿಜ್ಯ ಪತ್ರಿಕೆ. ಮಹಿಳಾ ಆಯೋಗ ನೋಟಿಸ್ ಕೊಟ್ಟಿತು. ಜೂನ್‌ನಲ್ಲಿ ಆರೋಗ್ಯ ಸಚಿವರು ಶಾಸನಸಭೆಯಲ್ಲಿ ಹೇಳಿದ ಲೆಕ್ಕ: ಮೂರು ವರ್ಷಗಳಲ್ಲಿ ಬೀಡ್‌ನ ಖಾಸಗಿ ಆಸ್ಪತ್ರೆಗಳಲ್ಲಿ 4,605 ಶಸ್ತ್ರಚಿಕಿತ್ಸೆ. ಸಮಿತಿ ರಚನೆಯಾಯಿತು.

ಒಬ್ಬ ನಟಿ ಗರ್ಭಿಣಿ ಎಂಬ ಗುಮಾನಿ ಬಂದರೆ ಆಕೆಯ ಸಡಿಲ ಅಂಗಿಯ ಮೇಲೆ ಬಾಣದ ಗುರುತು ಹಾಕಿ ತೋರಿಸುವವರು ನಾವು. ಒಬ್ಬ ಹೆಣ್ಣಿನ ಹೊಟ್ಟೆಯ ಮೇಲೆ ಇಷ್ಟು ಕುತೂಹಲ ಇರುವ ದೇಶದಲ್ಲಿ ಆ ಸಾವಿರಾರು ಹೊಟ್ಟೆಗಳ ಬಗ್ಗೆ ಮುಂದಿನ ಹಂಗಾಮಿನಲ್ಲಿ ಯಾರು ಕೇಳಿದರು? ಕೆಲವು ಸಂಘಟನೆಗಳು, ಕೆಲವು ಹಟಮಾರಿ ವರದಿಗಾರರು. ಕೊಯ್ತಾ ಪ್ರತಿ ವರ್ಷ ಹೊರಡುತ್ತದೆ. ಕಬ್ಬಿನ ಬೆಲೆಯ ಸುದ್ದಿಯೂ ಪ್ರತಿ ವರ್ಷ ಬರುತ್ತದೆ, ಮುಖಪುಟದಲ್ಲಿ.

ಗಂಟೆ ಬಾರಿಸಿದಿರಾ ಅಧ್ಯಕ್ಷರೇ? ಇನ್ನು ಐದು ನಿಮಿಷ. ನನ್ನ ಚೀಟಿಯಲ್ಲಿ ನಾಲ್ಕು ಅಂಶ ಉಳಿದಿವೆ, ಓಡುತ್ತೇನೆ.

ಒಂದು, ಜಾಗತಿಕ ಮಾಧ್ಯಮ ಸಮೀಕ್ಷೆಯ ಪ್ರಕಾರ 1995ರಲ್ಲಿ ಸುದ್ದಿಯಲ್ಲಿ ಕಾಣಿಸುವವರಲ್ಲಿ ಹೆಂಗಸರು ಶೇಕಡ 17, 2020ರಲ್ಲಿ ಶೇಕಡ 25. ಕಾಲು ಶತಮಾನಕ್ಕೆ ಎಂಟು. ವ್ಯಾಖ್ಯಾನ ಬೇಡ.

ಎರಡು, ಸುದ್ದಿ ಓದಿ ಸಿಟ್ಟಾಗುವುದು ನಮ್ಮ ಕಾಲದ ಆವಿಷ್ಕಾರವಲ್ಲ. ಮದುವೆಯಾಚೆ ಹುಟ್ಟಿದ ಮಗುವನ್ನು ಕೊಂದಳೆಂದು ಶಿಕ್ಷೆಗೊಳಗಾದ ಸೂರತ್‌ನ ಒಬ್ಬ ವಿಧವೆಯ ಪ್ರಕರಣವನ್ನು ಹಿಡಿದು ಪುಣೆಯ ಪತ್ರಿಕೆಯೊಂದು ಹೆಣ್ಣುಕುಲವನ್ನೇ ಜರೆದಾಗ ಬುಲಢಾಣಾದ ತಾರಾಬಾಯಿ ಶಿಂದೆ 1882ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆಕೆ ಕೇಳಿದ್ದೂ ಹೆಚ್ಚುಕಡಿಮೆ ನಮ್ಮ ಕುಂದಾಪುರದ ಅಕ್ಕನ ಪ್ರಶ್ನೆಯೇ, ಆ ಗಂಡಸು ಎಲ್ಲಿ? ತಾರಾಬಾಯಿಗೆ ಒಂದು ಸಂಜೆ ಪೂರ್ತಿ ಬೇಕು. ಮುಂದಿನ ವರ್ಷ ಕರೆದರೆ ಬರುತ್ತೇನೆ.

ಮೂರನೆಯದು ಹಾಸನ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅಲ್ಲಿನ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಅತ್ಯಾಚಾರಕ್ಕಾಗಿ ಜೀವಾವಧಿ ಶಿಕ್ಷೆ ವಿಧಿಸಿದ್ದು ಮನೆಗೆಲಸದ ಒಬ್ಬ ಮಹಿಳೆಯ ದೂರಿನ ಮೇಲೆ. ಹಿಂದಿನ ವರ್ಷ ಅವರ ವಿಡಿಯೊಗಳ ಪೆನ್‌ಡ್ರೈವ್ ಪ್ರಕರಣ ಕಾವಿನಲ್ಲಿದ್ದಾಗಲೇ ಜೂನ್‌ನಲ್ಲಿ ನಟ ದರ್ಶನ್ ಬಂಧನವಾಯಿತು. ಆಮೇಲೆ ನಮ್ಮ ಕನ್ನಡ ಚಾನೆಲ್‌ಗಳು ಯಾವ ಕಡೆ ತಿರುಗಿದವು ಎಂದು ಸಂಜೆ ಟಿವಿ ನೋಡಿದ ನಿಮಗೆ ನಾನು ಹೇಳಬೇಕಾಗಿಲ್ಲ.

ಕೊನೆಯದು ಇಲ್ಲೇ ಪಕ್ಕದ್ದು, ಪರೇಲ್‌ನದ್ದು. ಅರುಣಾ ಶಾನಭಾಗ್, ನಮ್ಮ ಉತ್ತರ ಕನ್ನಡದ ಹಳದೀಪುರದ ಹುಡುಗಿ, ಕೆಇಎಂ ಆಸ್ಪತ್ರೆಯ ದಾದಿ. 1973ರ ನವೆಂಬರ್ 27ರ ರಾತ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲೇ ಕಸ ಗುಡಿಸುವ ಕೆಲಸಗಾರ ನಾಯಿಯ ಸರಪಳಿ ಕುತ್ತಿಗೆಗೆ ಬಿಗಿದು ಅತ್ಯಾಚಾರವೆಸಗಿದ. ಹುಡುಗಿಯ ಮಾನ ಕಾಪಾಡುವ ಹೆಸರಿನಲ್ಲಿ ಅತ್ಯಾಚಾರ ದೂರಿನೊಳಗೆ ಬರಲೇ ಇಲ್ಲ. ಅವನಿಗೆ ದರೋಡೆ ಮತ್ತು ಕೊಲೆಯತ್ನಕ್ಕೆ ಏಳು ವರ್ಷ ಶಿಕ್ಷೆಯಾಯಿತು. ಆಕೆ 2015ರ ಮೇ 18ರವರೆಗೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಪತ್ರಿಕೆಗಳು 1973ರಲ್ಲಿ ಬಂದವು, 2011ರಲ್ಲಿ ಸುಪ್ರೀಂ ಕೋರ್ಟ್ ದಯಾಮರಣದ ತೀರ್ಪು ಕೊಟ್ಟಾಗ ಬಂದವು, ಸತ್ತಾಗ ಬಂದವು. ನಡುವಿನ ದಿನಗಳಲ್ಲಿ ಎರಡನೆಯ ದಿನ, ಮೂರನೆಯ ದಿನ, ಹತ್ತುಸಾವಿರದನೆಯ ದಿನ ಆಕೆಯ ಬಳಿ ಹೋದವರು ಕೆಇಎಂನ ದಾದಿಯರು. ಹಾಸಿಗೆ ಖಾಲಿ ಮಾಡಿಸಲು ಪಾಲಿಕೆ ಹೊರಟಾಗ ಪ್ರತಿಭಟನೆಗೆ ಇಳಿದವರೂ ಅವರೇ. ಆ ಗಂಡಸು ಎಲ್ಲಿದ್ದಾನೆ ಎಂದು ಒಬ್ಬ ಪತ್ರಕರ್ತ ಉತ್ತರ ಪ್ರದೇಶದ ಹಳ್ಳಿಯವರೆಗೆ ಹೋಗಿ ಹುಡುಕಿದ್ದು 2015ರಲ್ಲಿ, ಅರುಣಾ ಸತ್ತ ಮೇಲೆ. ಅವನು ಮಕ್ಕಳು ಮರಿಗಳೊಂದಿಗೆ ಅಲ್ಲೇ ಇದ್ದ, ಕೂಲಿ ಮಾಡಿಕೊಂಡು. ಆ ಮೊದಲು ಹೋಗಿದ್ದರೂ ಸಿಗುತ್ತಿದ್ದನೇನೋ.

ಆಯಿತು ಅಧ್ಯಕ್ಷರೇ, ಗಂಟೆ ಕೇಳಿಸಿತು. ಬೀಡ್ ಬಗ್ಗೆ ಇನ್ನೂ ಹೇಳುವುದಿತ್ತು, ಯಾರಿಗಾದರೂ ಬೇಕಿದ್ದರೆ ಊಟದ ಸಾಲಿನಲ್ಲಿ ಕೇಳಿ. ನಮಸ್ಕಾರ.