ಮೂರು ತಿಂಗಳಲ್ಲಿ ಆದ ಕೆಲಸ ಅಲ್ಲ ಅದು: ವಾಲಿದ್ ರೆಗ್ರಾಗಿ ಆಟ ಮತ್ತು ಕೋಚಿಂಗ್

ಎಲ್ರಿಗೂ ನಮಸ್ಕಾರ. ಕ್ರಿಕೆಟ್ ಬಿಟ್ಟು ಫುಟ್‌ಬಾಲ್ ಬಗ್ಗೆ, ಅದ್ರಲ್ಲೂ ಮೊರೊಕ್ಕೊ ಫುಟ್‌ಬಾಲ್ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಲ್ಲ, ಅದೇ ಖುಷಿ. ನಮ್ಮ ದೇಶದ ಐಎಸ್ಎಲ್ ಫುಟ್‌ಬಾಲ್ ಲೀಗ್ ನೋಡೋರಿಗೆ ಮೊರೊಕ್ಕೊ ತೀರಾ ಹೊಸದೇನಲ್ಲ ಬಿಡಿ, ಅಹ್ಮದ್ ಜಾಹು ಮಿಡ್‌ಫೀಲ್ಡ್‌ನಲ್ಲಿ ನಿಂತು ಪಾಸ್ ಹಂಚೋದನ್ನ ನೋಡಿದ್ದೀರಿ, ಅಲಾದೀನ್ ಅಜಾರಿ ನಾರ್ತ್‌ಈಸ್ಟ್ ಯುನೈಟೆಡ್‌ಗೆ ಗೋಲ್ ಮೇಲೆ ಗೋಲ್ ಹೊಡೆದಿದ್ದನ್ನೂ ನೋಡಿದ್ದೀರಿ. ಇವತ್ತು ನಾನು ಮಾತಾಡೋದು ವಾಲಿದ್ ರೆಗ್ರಾಗಿ ಬಗ್ಗೆ. 2022ರ ವಿಶ್ವಕಪ್‌ನಲ್ಲಿ ಮೊರೊಕ್ಕೊನ ಸೆಮಿಫೈನಲ್‌ವರೆಗೂ ತಗೊಂಡು ಹೋದ ಕೋಚ್, ಬೋಳು ತಲೆ, ಸಣ್ಣ ಗಡ್ಡ, ಟಚ್‌ಲೈನ್ ಪಕ್ಕ ಒಂದು ನಿಮಿಷ ಸುಮ್ನೆ ನಿಲ್ಲದ ಮನುಷ್ಯ.

ಅವರ ಬಗ್ಗೆ ಎಲ್ಲಾ ಕಡೆ ಕೇಳೋ ಕಥೆ ಏನಂದ್ರೆ, ಆಗಸ್ಟ್‌ನಲ್ಲಿ ಕೋಚ್ ಆದ್ರು, ನವೆಂಬರ್‌ನಲ್ಲಿ ವಿಶ್ವಕಪ್, ಡಿಸೆಂಬರ್‌ನಲ್ಲಿ ಸೆಮಿಫೈನಲ್, ಮೂರೇ ತಿಂಗಳಲ್ಲಿ ಪವಾಡ ಅಂತ. ಕೇಳೋಕೇನೋ ಚೆನ್ನಾಗಿದೆ, ಆದ್ರೆ ನಂಗೆ ಒಪ್ಪಿಗೆ ಇಲ್ಲ. ಆ ಕೆಲಸ ಶುರುವಾಗಿದ್ದು ಆ ವಿಶ್ವಕಪ್‌ಗೂ ಹತ್ತು ವರ್ಷ ಮುಂಚೆ, ಟಿವಿಯೋರು ಯಾರೂ ಬರದ ಗ್ರೌಂಡ್‌ಗಳಲ್ಲಿ. ಅದನ್ನ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ರೆಗ್ರಾಗಿ ಹುಟ್ಟಿದ್ದು 1975ರಲ್ಲಿ, ಫ್ರಾನ್ಸ್‌ನಲ್ಲಿ, ಪ್ಯಾರಿಸ್‌ನಿಂದ ದಕ್ಷಿಣಕ್ಕಿರೋ ಕಾರ್ಬೈ-ಎಸ್ಸೋನ್ ಅನ್ನೋ ಊರಲ್ಲಿ. ಅಪ್ಪ ಅಮ್ಮ ಮೊರೊಕ್ಕೊದಿಂದ ವಲಸೆ ಹೋದೋರು. ಹದಿನೇಳಕ್ಕೆಲ್ಲ ದೊಡ್ಡ ಕ್ಲಬ್ ಅಕಾಡೆಮಿಯಿಂದ ಹೊರಗೆ ಬಂದು ಪೇಪರಲ್ಲಿ ಫೋಟೋ ಹಾಕಿಸ್ಕೊಂಡ ಹುಡುಗ ಅಲ್ಲ ಇವರು, ಊರಿನ ಕ್ಲಬ್‌ನಲ್ಲೇ ಆಡ್ಕೊಂಡು, ಆಮೇಲೆ ಪ್ಯಾರಿಸ್‌ನ ರೇಸಿಂಗ್ ಅನ್ನೋ ಕ್ಲಬ್‌ಗೆ ಹೋಗಿ, ಅಲ್ಲಿಂದ 1999ರಲ್ಲಿ ಟುಲೂಸ್, 2001ರಲ್ಲಿ ಕಾರ್ಸಿಕಾ ದ್ವೀಪದ ಅಜಾಕ್ಸಿಯೊ. ಅಜಾಕ್ಸಿಯೊ ಮೊದಲ ವರ್ಷಾನೇ ಎರಡನೇ ಡಿವಿಷನ್ ಗೆದ್ದು ಲೀಗ್ 1ಗೆ, ಅಂದ್ರೆ ಫ್ರಾನ್ಸ್‌ನ ಮೊದಲ ಡಿವಿಷನ್‌ಗೆ, ಬಂತು. 2004ರಲ್ಲಿ ಸ್ಪೇನ್‌ನ ರೇಸಿಂಗ್ ಸಾಂತಾಂದೇರ್, ಆಮೇಲೆ ಮತ್ತೆ ಫ್ರಾನ್ಸ್‌ಗೆ ವಾಪಸ್, ಗ್ರನೋಬ್ಲ್, ಅದಾದ್ಮೇಲೆ ಮೊರೊಕ್ಕೊದ ಮೊಗ್ರೆಬ್ ತೆತುವಾನ್. ರೈಟ್ ಬ್ಯಾಕ್, ಅಂದ್ರೆ ಬಲಗಡೆ ಕಾಯೋ ಡಿಫೆಂಡರ್. ರಾಷ್ಟ್ರೀಯ ತಂಡಕ್ಕೆ 2001ರಿಂದ 2009ರವರೆಗೆ 45 ಮ್ಯಾಚ್.

ಸ್ಟಾರ್ ಅಂತೂ ಅಲ್ಲವೇ ಅಲ್ಲ. ಆದ್ರೆ ಈ ಲಿಸ್ಟನ್ನ ಇನ್ನೊಂದ್ಸಲ ನೋಡಿ, ಮೇಲಿನ ಡಿವಿಷನ್‌ಗೆ ಹೋಗೋಕೆ ಒದ್ದಾಡೋ ಕ್ಲಬ್, ಕೆಳಗಿನ ಡಿವಿಷನ್‌ಗೆ ಬೀಳದೇ ಇರೋಕೆ ಒದ್ದಾಡೋ ಕ್ಲಬ್, ಇಂಥವೇ. ಬಾಲ್ ನಮ್ಮ ಹತ್ರ ಇರಲ್ಲ, ಎದುರು ಟೀಮ್ ನಮಗಿಂತ ದುಡ್ಡಿರೋ ಟೀಮ್, ಆದ್ರೂ ಒಂದು ಪಾಯಿಂಟ್ ಕಿತ್ಕೊಂಡು ಮನೆಗೆ ಹೋಗ್ಬೇಕು, ಇದು ಅವರ ದಿನನಿತ್ಯದ ಡ್ಯೂಟಿ ಆಗಿತ್ತು. 2022ರ ವಿಶ್ವಕಪ್ ನಡೆದ ಕತಾರ್‌ನಲ್ಲಿ ಸ್ಪೇನ್ ಎದುರು ಮೊರೊಕ್ಕೊ ಹೇಗೆ ಆಡ್ತು ಅನ್ನೋದು ನೆನಪಿದ್ರೆ ನಾನು ಇದನ್ನ ಯಾಕೆ ಹೇಳ್ತಿದ್ದೀನಿ ಅಂತ ಗೊತ್ತಾಗುತ್ತೆ.

ಈಗ ಒಂದು ಅಡ್ಡ ಕಥೆ, ಆದ್ರೆ ಅಡ್ಡ ಅಲ್ಲ. ಬಾದು ಝಾಕಿ. ಮೊರೊಕ್ಕೊದಲ್ಲಿ ಈ ಹೆಸರು ಹೇಳಿದ್ರೆ ವಯಸ್ಸಾದೋರು ಚೇರಲ್ಲಿ ನೆಟ್ಟಗೆ ಕೂರ್ತಾರೆ. ಗೋಲ್‌ಕೀಪರ್. 1986ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಮೊರೊಕ್ಕೊ ಇದ್ದ ಗ್ರೂಪಲ್ಲಿ ಯಾರ್ಯಾರಿದ್ರು ಅಂದ್ರೆ ಇಂಗ್ಲೆಂಡ್, ಪೋಲೆಂಡ್, ಪೋರ್ಚುಗಲ್. ಪೋಲೆಂಡ್ ಜೊತೆ 0-0, ಇಂಗ್ಲೆಂಡ್ ಜೊತೆ 0-0, ಪೋರ್ಚುಗಲ್‌ಗೆ 3-1 ಹೊಡೆದು ಗ್ರೂಪ್ ಟಾಪ್. ವಿಶ್ವಕಪ್ ನಾಕೌಟ್‌ಗೆ ಹೋದ ಮೊದಲ ಆಫ್ರಿಕನ್ ಟೀಮ್ ಅದು. ಆಮೇಲೆ ಪಶ್ಚಿಮ ಜರ್ಮನಿ ಎದುರು ಮ್ಯಾಚ್ ಮುಗಿಯೋಕೆ ಎರಡು ಮೂರು ನಿಮಿಷ ಇದ್ದಾಗ ಮಥಾಯಸ್ ದೂರದಿಂದ ಹೊಡೆದ ಫ್ರೀ ಕಿಕ್ ಒಳಗೆ ಹೋಯ್ತು, ಅಷ್ಟೇ, ಮುಗೀತು. ಆ ವರ್ಷ ಆಫ್ರಿಕಾದ ಬೆಸ್ಟ್ ಪ್ಲೇಯರ್ ಪ್ರಶಸ್ತಿ ಝಾಕಿಗೆ, ಗೋಲ್‌ಕೀಪರ್‌ಗೆ ಅಂಥದ್ದು ಸಿಗೋದು ಎಷ್ಟು ಅಪರೂಪ ಅಂತ ನಿಮಗೇ ಗೊತ್ತು. ಆಮೇಲೆ ಸ್ಪೇನ್‌ನ ಮಾಯೋರ್ಕಾಗೆ ಹೋಗಿ ಆರು ವರ್ಷ ಆಡಿದ್ರು, 1991ರಲ್ಲಿ ಆ ಸಣ್ಣ ಕ್ಲಬ್ ಸ್ಪೇನ್‌ನ ಕಪ್ ಟೂರ್ನಿ ಕೋಪಾ ದೆಲ್ ರೇ ಫೈನಲ್‌ವರೆಗೂ ಹೋಯ್ತು.

ಈ ಝಾಕಿ 2004ರಲ್ಲಿ ಮೊರೊಕ್ಕೊ ಕೋಚ್. ಟ್ಯುನೀಷಿಯಾದಲ್ಲಿ ಆಫ್ರಿಕಾ ಕಪ್. ರೈಟ್ ಬ್ಯಾಕ್ ಯಾರು? ನಮ್ಮ ರೆಗ್ರಾಗಿ. ಕ್ವಾರ್ಟರ್ ಫೈನಲ್‌ನಲ್ಲಿ ಅಲ್ಜೀರಿಯಾ ಎದುರು ಮ್ಯಾಚ್ ಕೈಬಿಟ್ಟೇ ಹೋಯ್ತು ಅಂದ್ಕೊಂಡಾಗ ಕೊನೇ ಗಳಿಗೇಲಿ ಶಮಾಖ್ ಗೋಲ್ ಹಾಕಿ ಎಕ್ಸ್‌ಟ್ರಾ ಟೈಮ್‌ಗೆ ತಂದು ಅಲ್ಲಿ 3-1, ಸೆಮಿಫೈನಲ್‌ನಲ್ಲಿ ಮಾಲಿಗೆ 4-0, ಫೈನಲ್‌ನಲ್ಲಿ ಆತಿಥೇಯ ಟ್ಯುನೀಷಿಯಾ ಕೈಲಿ 2-1 ಸೋಲು. ಮಾರನೇ ವರ್ಷ ಇನ್ನೂ ಹೊಟ್ಟೆ ಉರಿಯೋ ಕಥೆ. ವಿಶ್ವಕಪ್ ಕ್ವಾಲಿಫೈಯರ್‌ನಲ್ಲಿ ಹತ್ತು ಮ್ಯಾಚ್, ಐದು ಗೆಲುವು, ಐದು ಡ್ರಾ, ಒಂದೂ ಸೋತಿಲ್ಲ, ಆದ್ರೂ ಕೊನೇ ಮ್ಯಾಚಲ್ಲಿ ಮತ್ತೆ ಅದೇ ಟ್ಯುನೀಷಿಯಾ ಜೊತೆ ಎರಡು ಸಲ ಮುಂದಿದ್ದು 2-2 ಆಗಿ ಒಂದೇ ಒಂದು ಪಾಯಿಂಟ್‌ನಲ್ಲಿ ವಿಶ್ವಕಪ್ ಹೋಯ್ತು. ಝಾಕಿ ಕೆಲ್ಸಾನೂ ಹೋಯ್ತು. ಆಮೇಲೆ 2014ರಲ್ಲಿ ಮತ್ತೆ ಕರೆದು, 2016ರಲ್ಲಿ ಮತ್ತೆ ಕಳಿಸಿದ್ರು, ಅದು ಬೇರೆ. ರೆಗ್ರಾಗಿ ವಿಶ್ವಕಪ್‌ನಲ್ಲಿ ಆಟಗಾರನಾಗಿ ಆಡಲೇ ಇಲ್ಲ.

ಸರಿ, ಕೋಚಿಂಗ್‌ಗೆ ಬರೋಣ. 2012ರಲ್ಲಿ ರಶೀದ್ ತಾವುಸಿ ರಾಷ್ಟ್ರೀಯ ತಂಡದ ಕೋಚ್ ಆದಾಗ ರೆಗ್ರಾಗಿ ಅವರ ಅಸಿಸ್ಟೆಂಟ್. 2013ರ ಆಫ್ರಿಕಾ ಕಪ್‌ನಲ್ಲಿ ಮೂರಕ್ಕೆ ಮೂರೂ ಡ್ರಾ, ಗ್ರೂಪಿಂದಲೇ ಮನೆಗೆ. ಅಲ್ಲಿಗೆ ಆ ಅಧ್ಯಾಯ ಮುಗೀತು. 2014ರಲ್ಲಿ ಫುಸ್ ರಬಾತ್ ಅನ್ನೋ ಕ್ಲಬ್ ಸಿಕ್ತು, ಮತ್ತೆ ನನ್ನ ಪ್ರಕಾರ ಇಡೀ ಕಥೇಲಿ ಜನ ಗಮನ ಕೊಡದೇ ಇರೋ ಭಾಗ ಇದೇ.

ಮೊರೊಕ್ಕೊ ಲೀಗ್ ಅಂದ್ರೆ ಕಾಸಾಬ್ಲಾಂಕಾದ ಎರಡು ಕ್ಲಬ್, ವಿದಾದ್ ಮತ್ತೆ ರಾಜಾ. ಸ್ಟೇಡಿಯಂ ಇವರದ್ದು, ಗಲಾಟೆ ಇವರದ್ದು. ಫುಸ್ ಅನ್ನೋದು ರಾಜಧಾನಿಯ ಕ್ಲಬ್ ಹೌದು, 1946ರಲ್ಲಿ ಶುರುವಾಗಿದ್ದೂ ಹೌದು, ಆದ್ರೆ ಅಷ್ಟು ವರ್ಷದಲ್ಲಿ ಒಂದೇ ಒಂದು ಸಲಾನೂ ಲೀಗ್ ಗೆದ್ದಿರಲಿಲ್ಲ. ರೆಗ್ರಾಗಿ ಬಂದ ವರ್ಷಾನೇ ಥ್ರೋನ್ ಕಪ್, ಅಂದ್ರೆ ಮೊರೊಕ್ಕೊದ ರಾಷ್ಟ್ರೀಯ ಕಪ್, 2016ರಲ್ಲಿ ಲೀಗ್ ಟೈಟಲ್, ಕ್ಲಬ್ ಇತಿಹಾಸದಲ್ಲೇ ಮೊದಲನೇದು. ಆಮೇಲೂ ಓಡಿ ಹೋಗ್ಲಿಲ್ಲ, 2020ರ ತನಕ ಅಲ್ಲೇ. ಮೊರೊಕ್ಕೊದಲ್ಲಿ ಕೋಚ್‌ಗಳು ಸೀಸನ್‌ಗೆ ಒಬ್ಬರ ಹಾಗೆ ಬದಲಾಗೋದನ್ನ ನೋಡಿದೋರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಅರ್ಥ ಆಗುತ್ತೆ. ಅಲ್ಲಿ ಅವರ ಕೈಕೆಳಗೆ ಬೆಳೆದ ಒಬ್ಬ ಹುಡುಗ ನಾಯೆಫ್ ಅಗೆರ್ದ್, ಮೊಹಮ್ಮದ್ VI ಅಕಾಡೆಮಿಯಿಂದ ಬಂದ ಎಡಗಾಲಿನ ಸೆಂಟರ್ ಬ್ಯಾಕ್, ಫುಸ್‌ನಿಂದ ದಿಜಾನ್, ಅಲ್ಲಿಂದ ರೆನ್, ಅಲ್ಲಿಂದ ಇಂಗ್ಲೆಂಡ್‌ನ ವೆಸ್ಟ್ ಹ್ಯಾಮ್. ಕತಾರ್‌ನಲ್ಲಿ ಡಿಫೆನ್ಸ್ ನಡುವೆ ಇದ್ದಿದ್ದು ಅವನೇ.

2020ರಲ್ಲಿ ಕತಾರ್‌ನ ಅಲ್ ದುಹೈಲ್‌ಗೆ ಹೋಗಿ ಅಲ್ಲೂ ಲೀಗ್ ಗೆದ್ದು, ಅದೇ ವರ್ಷ ಹೊರಗೂ ಬಂದ್ರು, ಅದ್ರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. 2021ರಲ್ಲಿ ವಿದಾದ್. ಒಂದೇ ಸೀಸನ್, ಲೀಗ್ ಗೆದ್ರು, 2022ರ ಮೇ 30ಕ್ಕೆ ಕಾಸಾಬ್ಲಾಂಕಾದಲ್ಲಿ ಆಫ್ರಿಕಾ ಚಾಂಪಿಯನ್ಸ್ ಲೀಗ್ ಫೈನಲ್, ಎದುರಿಗೆ ಈಜಿಪ್ಟ್‌ನ ಅಲ್ ಅಹ್ಲಿ, ಅಂದ್ರೆ ಹಿಂದಿನ ಎರಡು ವರ್ಷದ ಚಾಂಪಿಯನ್. 2-0, ಎರಡೂ ಗೋಲ್ ಜುಹೈರ್ ಮುತರಾಜಿದು. ಆ ವಿದಾದ್ ಟೀಮಲ್ಲಿ ಲೆಫ್ಟ್ ಬ್ಯಾಕ್ ಯಾಹ್ಯಾ ಅತ್ತಿಯತ್-ಅಲ್ಲಾ, ಸೆಂಟರ್ ಬ್ಯಾಕ್ ಅಶ್ರಫ್ ದಾರಿ, ಕ್ಯಾಪ್ಟನ್ ಯಾಹ್ಯಾ ಜಬ್ರಾನ್. ಈ ಹೆಸರುಗಳನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ.

ಅಷ್ಟೊತ್ತಿಗೆ ರಾಷ್ಟ್ರೀಯ ತಂಡದಲ್ಲಿ ಬೆಂಕಿ ಬಿದ್ದಿತ್ತು. ಕೋಚ್ ವಾಹಿದ್ ಹಲಿಲ್ಹೋಜಿಚ್, ಬೋಸ್ನಿಯಾದೋರು, ತುಂಬಾ ಸ್ಟ್ರಿಕ್ಟ್ ಮನುಷ್ಯ. ಟೀಮ್ ವಿಶ್ವಕಪ್‌ಗೇನೋ ಕ್ವಾಲಿಫೈ ಆಗಿತ್ತು, ಆದ್ರೆ ಸ್ಟಾರ್ ಆಟಗಾರ ಹಕೀಮ್ ಜಿಯೆಶ್ ಜೊತೆ ಜಗಳ, ಡಿಫೆಂಡರ್ ಮಜ್ರಾವಿ ಜೊತೆ ಜಗಳ, ಜಿಯೆಶ್ ಅಂತೂ 2022ರ ಫೆಬ್ರವರಿಲಿ ಇನ್ಮುಂದೆ ದೇಶಕ್ಕೆ ಆಡಲ್ಲ ಅಂತ ಹೇಳೇಬಿಟ್ಟ. ಆಗಸ್ಟ್‌ನಲ್ಲಿ ಹಲಿಲ್ಹೋಜಿಚ್‌ನ ತೆಗೆದ್ರು. ಪಾಪ ಅವರ ಹಣೆಬರಹ ನೋಡಿ, 2010ರಲ್ಲಿ ಐವರಿ ಕೋಸ್ಟ್, 2018ರಲ್ಲಿ ಜಪಾನ್, ಈಗ ಮೊರೊಕ್ಕೊ, ಮೂರು ಸಲಾನೂ ವಿಶ್ವಕಪ್ ಹೊಸ್ತಿಲಲ್ಲೇ ಕೆಲಸ ಕಳ್ಕೊಂಡ್ರು. ಆಗಸ್ಟ್ 31ಕ್ಕೆ ರೆಗ್ರಾಗಿ ಬಂದ್ರು, ಮೊದಲ ಲಿಸ್ಟಲ್ಲೇ ಜಿಯೆಶ್ ಮತ್ತೆ ಮಜ್ರಾವಿ ಹೆಸರು.

ಎಲ್ರೂ ಕೈ ತಟ್ಟಿದ್ರು ಅಂದ್ಕೋಬೇಡಿ. ಯುರೋಪ್‌ನಲ್ಲಿ ದೊಡ್ಡ ಕ್ಲಬ್ ನೋಡಿಲ್ಲ, ಲೋಕಲ್ ಕೋಚ್, ಇವನ ಕೈಲಿ ಏನಾಗುತ್ತೆ ಅನ್ನೋ ಮಾತು ಬೇಕಾದಷ್ಟಿತ್ತು, ತಲೆ ನೋಡಿ ಅವಕಾಡೊ ಅಂತ ಆಡ್ಕೊಂಡಿದ್ದೂ ಉಂಟು, ಅದನ್ನ ಅವರೇ ಆಮೇಲೆ ಪ್ರೆಸ್ ಮುಂದೆ ನಗ್ತಾ ಹೇಳಿದ್ರು.

ಇನ್ನೊಂದು ಹಳೇ ತಲೆನೋವು. 26 ಜನರ ಟೀಮಲ್ಲಿ 14 ಜನ ಮೊರೊಕ್ಕೊದಲ್ಲಿ ಹುಟ್ಟಿದೋರೇ ಅಲ್ಲ. ಹಕೀಮಿ ಮ್ಯಾಡ್ರಿಡ್, ಜಿಯೆಶ್ ಮತ್ತೆ ಅಮ್ರಾಬತ್ ನೆದರ್ಲೆಂಡ್ಸ್, ಕ್ಯಾಪ್ಟನ್ ಸೈಸ್ ಫ್ರಾನ್ಸ್, ಗೋಲ್‌ಕೀಪರ್ ಬೂನು ಕೆನಡಾದ ಮಾಂಟ್ರಿಯಲ್. ಸೋತಾಗೆಲ್ಲ ಇವರಿಗೆ ದೇಶದ ಮೇಲೆ ಪ್ರೀತಿ ಇಲ್ಲ, ಹಬ್ಬಕ್ಕೆ ಬಂದ ಅಳಿಯಂದಿರ ಹಾಗೆ ಬಂದು ಊಟ ಮಾಡ್ಕೊಂಡು ಹೋಗ್ತಾರೆ ಅಂತ ಬೈಯೋರು ಇದ್ದೇ ಇದ್ರು. ಹಲಿಲ್ಹೋಜಿಚ್ ಎಷ್ಟೇ ಒಳ್ಳೇ ಕೋಚ್ ಆಗಿರ್ಲಿ, ಈ ಜಗಳದೊಳಗೆ ಅವರಿಗೆ ಜಾಗ ಇಲ್ಲ. ರೆಗ್ರಾಗಿ ಎರಡೂ ಕಡೆಯೋರು. ಕಾರ್ಬೈಲಿ ಹುಟ್ಟಿ ಬೆಳೆದಿದ್ದಕ್ಕೆ ಜಿಯೆಶ್‌ಗೆ ಏನು ಚುಚ್ಚುತ್ತೆ ಅಂತ ಗೊತ್ತು, ಫುಸ್ ಮತ್ತೆ ವಿದಾದ್‌ನಲ್ಲಿ ಆರೇಳು ವರ್ಷ ಕಳೆದಿದ್ದಕ್ಕೆ ಲೋಕಲ್ ಹುಡುಗನಿಗೆ ಬೆಂಚಲ್ಲಿ ಕೂತು ಏನನ್ಸುತ್ತೆ ಅಂತಾನೂ ಗೊತ್ತು. ಆಟಗಾರರ ಅಪ್ಪ ಅಮ್ಮಂದಿರನ್ನೂ ದೋಹಾಗೆ ಕರೆಸಿದ್ರು, ಹಕೀಮಿ ಗ್ಯಾಲರಿಗೆ ಹೋಗಿ ಅಮ್ಮನಿಗೆ ಮುತ್ತು ಕೊಟ್ಟಿದ್ದು, ಬೂಫಾಲ್ ಗ್ರೌಂಡಲ್ಲೇ ಅಮ್ಮನ ಜೊತೆ ಡ್ಯಾನ್ಸ್ ಮಾಡಿದ್ದು, ಆ ಫೋಟೋಗಳನ್ನ ನೀವೆಲ್ಲ ಫಾರ್ವರ್ಡ್ ಮಾಡಿರ್ತೀರಿ.

ಮ್ಯಾಚ್‌ಗಳಿಗೆ ಬರ್ತೀನಿ. ಕ್ರೊಯೇಷಿಯಾ 0-0, ಬೆಲ್ಜಿಯಂ ಎದುರು 2-0, ಕೆನಡಾ ಎದುರು 2-1, ಅದ್ರಲ್ಲಿ ಬಿಟ್ಟ ಆ ಒಂದು ಗೋಲ್ ಕೂಡ ಅಗೆರ್ದ್ ಕಾಲಿಗೆ ತಾಗಿ ಒಳಗೆ ಹೋದ ಓನ್ ಗೋಲ್. ಡಿಸೆಂಬರ್ 6ಕ್ಕೆ ಸ್ಪೇನ್. ಸ್ಪೇನ್ ಅವತ್ತು ಸಾವಿರಕ್ಕೂ ಜಾಸ್ತಿ ಪಾಸ್ ಕೊಟ್ಟಿದೆ ಸ್ವಾಮಿ, ಮುಕ್ಕಾಲು ಪಾಲು ಟೈಮ್ ಬಾಲ್ ಅವರ ಹತ್ರಾನೇ, ಆದ್ರೂ ಬೂನುಗೆ ಕೆಲಸಾನೇ ಇಲ್ಲ. ಯಾಕಂದ್ರೆ ಮೊರೊಕ್ಕೊ ಬಾಲ್ ಹಿಂದೆ ಓಡಲೇ ಇಲ್ಲ, ಡಿಫೆನ್ಸ್‌ಗೂ ಮಿಡ್‌ಫೀಲ್ಡ್‌ಗೂ ಮಧ್ಯೆ ಇರೋ ಜಾಗವನ್ನ ಕಾಯ್ತು, ಆ ಜಾಗದಲ್ಲಿ ಅಮ್ರಾಬತ್ ಒಬ್ಬನೇ ನಿಂತು ಬಂದೋರನ್ನೆಲ್ಲ ವಾಪಸ್ ಕಳಿಸ್ತಿದ್ದ, ಬಾಲ್ ಸೈಡಿಗೆ ಹೋದ್ರೆ ಫುಲ್ ಬ್ಯಾಕ್ ಮತ್ತೆ ವಿಂಗರ್ ಇಬ್ಬರೂ ಸೇರಿ ಮೂಲೆಗೆ ಒತ್ತೋದು, ಬಾಲ್ ಸಿಕ್ಕ ತಕ್ಷಣ ಮಿಡ್‌ಫೀಲ್ಡರ್ ಉನಾಹಿ ಓಡೋದು. ಕೆಳಗೆ ಬೀಳದೇ ಇರೋಕೆ ಒದ್ದಾಡೋ ಕ್ಲಬ್‌ನ ರೈಟ್ ಬ್ಯಾಕ್‌ಗೆ ಬಾಯಿಪಾಠ ಆಗಿರೋ ಆಟ ಇದು. ಮ್ಯಾಚ್ 0-0 ಆಗಿ ಪೆನಾಲ್ಟಿಗೆ ಹೋಯ್ತು, ಅಲ್ಲಿ ಸ್ಪೇನ್‌ನ ಸರಾಬಿಯಾ ಪೋಸ್ಟ್‌ಗೆ ಹೊಡೆದ, ಸೊಲೇರ್ ಮತ್ತೆ ಬುಸ್ಕೆಟ್ಸ್‌ದು ಬೂನು ತಡೆದ, ಹಕೀಮಿ ಮೆತ್ತಗೆ ಮಧ್ಯಕ್ಕೆ ತಳ್ಳಿದ. 3-0.

ನಾಲ್ಕು ದಿನ ಬಿಟ್ಟು ಪೋರ್ಚುಗಲ್. ಮಜ್ರಾವಿ ಇಲ್ಲ, ಅಗೆರ್ದ್ ಇಲ್ಲ, ಇಬ್ಬರಿಗೂ ಇಂಜುರಿ. ಲೆಫ್ಟ್ ಬ್ಯಾಕ್ ಯಾರು ಅಂದ್ರೆ ವಿದಾದ್‌ನ ಅತ್ತಿಯತ್-ಅಲ್ಲಾ. 42ನೇ ನಿಮಿಷ ಅವನೇ ಎತ್ತಿ ಹಾಕಿದ ಬಾಲ್‌ಗೆ ಸ್ಟ್ರೈಕರ್ ಎನ್-ನೆಸಿರಿ ಗೋಲ್‌ಕೀಪರ್ ಕೈಗಿಂತ ಮೇಲೆ ಹಾರಿ ತಲೆ ಕೊಟ್ಟ. ಸೆಕೆಂಡ್ ಹಾಫಲ್ಲಿ ಕ್ಯಾಪ್ಟನ್ ಸೈಸ್‌ನ ಸ್ಟ್ರೆಚರ್ ಮೇಲೆ ಹೊರಗೆ ತಗೊಂಡು ಹೋದ್ರು, ಬದಲಿಗೆ ಬಂದೋನು ಯಾರು, ಅಶ್ರಫ್ ದಾರಿ. ರೊನಾಲ್ಡೊ ಬೆಂಚಿಂದ ಬಂದ್ರೂ ಏನೂ ಆಗ್ಲಿಲ್ಲ. ವಿಶ್ವಕಪ್ ಸೆಮಿಫೈನಲ್‌ನಲ್ಲಿ ಮೊದಲ ಸಲ ಒಂದು ಆಫ್ರಿಕನ್ ಟೀಮ್. ಮೂರು ತಿಂಗಳು ಅಂತೀರಲ್ಲ, ಈ ಹುಡುಗರನ್ನ ಅವರು ಮೂರು ತಿಂಗಳಲ್ಲಿ ಹುಡುಕಿದ್ದಲ್ಲ, ಮೇ ತಿಂಗಳಲ್ಲೇ ಇವರ ಜೊತೆ ಆಫ್ರಿಕಾ ಗೆದ್ದಿದ್ರು. ಯುರೋಪಿಂದ ದೊಡ್ಡ ಹೆಸರಿನ ಕೋಚ್ ಬಂದಿದ್ರೆ ಅತ್ತಿಯತ್-ಅಲ್ಲಾ ವಿಮಾನ ಹತ್ತಿರ್ತಿದ್ನೋ ಇಲ್ವೋ, ನಂಗಂತೂ ಡೌಟು.

ಸೆಮಿಫೈನಲ್ ಫ್ರಾನ್ಸ್ ಜೊತೆ, ಹುಟ್ಟಿದ ದೇಶದ ಎದುರು. ಅಗೆರ್ದ್ ವಾರ್ಮ್‌ಅಪ್‌ನಲ್ಲೇ ಔಟ್, ಸೈಸ್ ಅರ್ಧ ಗಂಟೆ ಕೂಡ ನಿಲ್ಲಲಿಲ್ಲ, ಐದನೇ ನಿಮಿಷಕ್ಕೇ ಗೋಲ್ ಬಿಟ್ಟು 2-0 ಸೋಲು. ಅಲ್ಲಿ ಮೊದಲ ಸಲ ಮೊರೊಕ್ಕೊಗೆ ಬಾಲ್ ಜಾಸ್ತಿ ಸಿಕ್ತು, ಚೆನ್ನಾಗೇ ಆಡಿದ್ರು, ಆದ್ರೆ ಗೋಲ್ ಬರ್ಲಿಲ್ಲ. ಮೂರನೇ ಸ್ಥಾನದ ಮ್ಯಾಚೂ ಕ್ರೊಯೇಷಿಯಾಗೆ 2-1.

ರೆಗ್ರಾಗಿನ ಬರೀ ಹೊಗಳೋಕೆ ನಾನು ಬಂದಿಲ್ಲ. ಎದುರಿನೋರು ಬಾಲ್ ಇಟ್ಕೊಂಡ್ರೆ ಇವರ ಟೀಮ್ ಗೋಡೆ, ಅದೇ ಎದುರಿನೋರು ಬಾಲ್ ಇವರಿಗೇ ಕೊಟ್ಟು ಹಿಂದೆ ಕೂತ್ರೆ ಪರದಾಟ. 2024ರ ಜನವರಿ 30ಕ್ಕೆ ಐವರಿ ಕೋಸ್ಟ್‌ನ ಸಾನ್ ಪೆದ್ರೊದಲ್ಲಿ ದಕ್ಷಿಣ ಆಫ್ರಿಕಾ ಮಾಡಿದ್ದು ಅದನ್ನೇ, 2-0, ಹಕೀಮಿ ಪೆನಾಲ್ಟಿ ಕ್ರಾಸ್‌ಬಾರ್‌ಗೆ. ವಿಶ್ವಕಪ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ಟೀಮ್ ಆಫ್ರಿಕಾ ಕಪ್‌ನ ಕ್ವಾರ್ಟರ್ ಫೈನಲ್‌ಗೂ ಹೋಗ್ಲಿಲ್ಲ. ಅದಾದ್ಮೇಲೆ ಅವರು ಟೀಮನ್ನ ಬೇರೆ ಥರ ಕಟ್ಟೋಕೆ ಶುರು ಮಾಡಿದ್ರು, ರಿಯಲ್ ಮ್ಯಾಡ್ರಿಡ್‌ನ ಬ್ರಾಹಿಂ ದಿಯಾಸ್ ಬಂದ, ಗೋಲ್‌ಗಳು ಜಾಸ್ತಿ ಆದ್ವು, 2025ರ ಅಕ್ಟೋಬರ್‌ಗೆ ಸತತ 16 ಗೆಲುವು, ಸ್ಪೇನ್ ಹೆಸರಲ್ಲಿದ್ದ 15ರ ದಾಖಲೆ ಹೋಯ್ತು. ಎದುರಾಳಿಗಳೆಲ್ಲ ಅಷ್ಟೇನೂ ದೊಡ್ಡೋರಲ್ಲ ಅನ್ನೋದನ್ನೂ ಹೇಳ್ಬೇಕು.

ಆ ಸಾಲಲ್ಲಿ ಎರಡು ಮ್ಯಾಚ್ ನೈಜರ್ ಜೊತೆ, 2026ರ ವಿಶ್ವಕಪ್ ಕ್ವಾಲಿಫೈಯರ್. ಆಗ ನೈಜರ್ ಕೋಚ್ ಆಗಿದ್ದೋರು ಬೇರೆ ಯಾರೂ ಅಲ್ಲ, ಬಾದು ಝಾಕಿ. ಮಾರ್ಚ್‌ನಲ್ಲಿ ಊಜ್ದಾದಲ್ಲಿ ಝಾಕಿ ಟೀಮ್ ಮೊದಲು ಗೋಲ್ ಹೊಡೆದು ಶಿಷ್ಯನಿಗೆ ಬೆವರಿಳಿಸಿತ್ತು, ಮೊರೊಕ್ಕೊ ಇಂಜುರಿ ಟೈಮಲ್ಲಿ 2-1 ಗೆದ್ದು ಉಳ್ಕೊಂಡಿತು. ಸೆಪ್ಟೆಂಬರ್ 5ಕ್ಕೆ ರಬಾತ್‌ನ ಹೊಸ ಸ್ಟೇಡಿಯಂನಲ್ಲಿ ಮಾತ್ರ 5-0. ಅವತ್ತೇ ಮೊರೊಕ್ಕೊ ವಿಶ್ವಕಪ್‌ಗೆ ಕ್ವಾಲಿಫೈ ಆಯ್ತು, ಆಫ್ರಿಕಾದಿಂದ ಮೊದಲನೇ ಟೀಮಾಗಿ, 2005ರಲ್ಲಿ ಒಂದು ಪಾಯಿಂಟ್‌ಗೆ ವಿಶ್ವಕಪ್ ಕಳ್ಕೊಂಡಿದ್ದ ಝಾಕಿ ಎದುರಿನ ಬೆಂಚಲ್ಲಿ ಇದ್ದಾಗ. ಈಗ ನಿಮ್ಮ ಪ್ರಶ್ನೆ ಕೇಳಿ, ಹಲಿಲ್ಹೋಜಿಚ್ ಅಭಿಮಾನಿಗಳು ಯಾರಾದ್ರೂ ಇದ್ರೆ ಮೊದಲು ಅವರೇ ಕೇಳಲಿ.